ಕೊಟ್ಟಿಗೆಯಲ್ಲಿಟ್ಟ ಪಂಪು

ಅಕ್ಕಯಮ್ಮನ ಮನೆಯಲ್ಲಿ ಹುಳ ಇರುವಷ್ಟು ದಿನ ಒಗ್ಗರಣೆ ಹಾಕುವಂತಿರಲಿಲ್ಲ. ಎಣ್ಣೆಯ ಘಾಟು ರೇಷ್ಮೆ ಹುಳಕ್ಕೆ ಆಗುವುದಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಹಾಕುವಂತಿಲ್ಲ. ಮಗ ಚನ್ನರಾಯಪ್ಪ ಬೀಡಿ ಸೇದಬೇಕಾದರೆ ಕೆರೆ ಏರಿಗೆ ಹೋಗಿ ಸೇದಿ, ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಒಳಗೆ ಬರಬೇಕು. ಹುಳ ಜ್ವರಕ್ಕೆ ಕೂತಾಗ, ಅಂದರೆ ಸೊಪ್ಪು ಬಿಟ್ಟು ತಲೆಯೆತ್ತಿ ಪೊರೆ ಕಳಚುವಾಗ, ಜೋರಾಗಿ ಮಾತಾಡುವಂತೆಯೂ ಇಲ್ಲ. ಆ ಮನೆಯಲ್ಲಿ ಕಾಯಿಲೆ ಎಂದರೆ ಎಲ್ಲರೂ ತುದಿಗಾಲಲ್ಲಿ ನಿಂತು ಸೇವೆ ಮಾಡುತ್ತಿದ್ದರು, ಆದರೆ ಹುಳಕ್ಕೆ ಬಂದ ಕಾಯಿಲೆಗೆ ಮಾತ್ರ. ಹದಿಮೂರು ವರ್ಷದ ಮೊಮ್ಮಗಳು ನಳಿನ ಉಬ್ಬಸದಲ್ಲಿ ಸುಯ್ಗುಡುತ್ತ ಗೋಡೆ ಹಿಡಿದು ನಿಂತರೆ "ಶೀತ ಆಗೈತೆ" ಎಂದು ಮುಗಿಸಿಬಿಡುತ್ತಿದ್ದರು.

ಹುತ್ತೂರಿನ ಆಸುಪಾಸಿನಲ್ಲಿ ಆಗ, ತೊಂಬತ್ತೆಂಟನೇ ಇಸವಿಯಲ್ಲಿ, ಹುಳಕ್ಕೆಂದೇ ಬೇರೆ ಮನೆ ಕಟ್ಟಿಕೊಂಡವರು ಕಡಿಮೆ. ಅಕ್ಕಯಮ್ಮನದು ಮೂರು ಅಂಕಣದ ಮನೆ. ಎರಡು ಅಂಕಣ ಹುಳಕ್ಕೆ, ಒಂದು ಮನುಷ್ಯರಿಗೆ. ನೆಲದಿಂದ ತೊಲೆಯವರೆಗೆ ಬಿದಿರು ತಟ್ಟೆಗಳು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲುಗಳು. ಹಳಸಿದ ಸೊಪ್ಪು, ಹುಳದ ಹಿಕ್ಕೆ, ಸುಣ್ಣದ ಪುಡಿ ಎಲ್ಲ ಸೇರಿದ ಒಂದು ನಾತ ಹಾಸಿಗೆ, ಬಟ್ಟೆ, ಮುದ್ದೆ ಕೋಲು ಯಾವುದನ್ನೂ ಬಿಡುತ್ತಿರಲಿಲ್ಲ. ನಳಿನಳ ಶಾಲೆಯ ಲಂಗದಿಂದಲೂ ಅದೇ ನಾತ ಬರುತ್ತಿತ್ತು. ಒಮ್ಮೆ ಅವಳ ಜಡೆಯಲ್ಲಿ ಒಂದು ಹುಳ ಕ್ಲಾಸಿನವರೆಗೂ ಹೋಗಿತ್ತು. ಅದನ್ನು ಕಂಡು ಕಿರುಚಿಕೊಂಡ ಗೆಳತಿ ಆಮೇಲೆ ಅವಳ ಬೆಂಚಿನಲ್ಲಿ ಕೂರಲಿಲ್ಲ.

ಈ ಸಲದ ಬೆಳೆ ಎರಡನೇ ಜ್ವರ ಎದ್ದಿದ್ದಾಗ ನಳಿನಳ ತಾಯಿ ಸುನಂದಳ ತಮ್ಮ ವೇಣುಗೋಪಾಲ್ ಬಂದ. ಕೋಲಾರದ ಬಸ್ ಡಿಪೋದಲ್ಲಿ ಕೆಲಸ ಅವನಿಗೆ. ಹಿಂದಿನ ವಾರ ಅಕ್ಕನ ಮಗಳನ್ನು ಯಾರನ್ನೂ ಕೇಳದೆ ಡಾಕ್ಟರಿಗೆ ತೋರಿಸಲು ಕೋಲಾರಕ್ಕೆ ಕರೆದುಕೊಂಡು ಹೋಗಿದ್ದ. ಈಗ ವಾಪಸು ತಂದು ಬಿಡುವಾಗ ಜೊತೆಯಲ್ಲಿ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ನೀಲಿ ಬಣ್ಣದ ಒಂದು ಪುಟ್ಟ ಪಂಪು ಇತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. ಮುದ್ದೆ, ಒಗ್ಗರಣೆಯಿಲ್ಲದ ಬಸ್ಸಾರು.

"ಡಾಕ್ಟ್ರು ಏನಂದ್ರು?" ಎಂದಳು ಸುನಂದ.

"ಉಬ್ಬಸ ಅಂದ್ರು. ಪೂರ್ತಿ ಹೋಗೋ ಕಾಯಿಲೆ ಅಲ್ವಂತೆ ಅಕ್ಕಾ. ಹಾಗಂತ ಹೆದ್ರಬೇಕಾಗೂ ಇಲ್ವಂತೆ. ಬೆಳಿಗ್ಗೆ ಸಾಯಂಕಾಲ ಈ ಪಂಪು ಎಳ್ಕೋಬೇಕು, ಉಸಿರು ಕಟ್ಟಿದಾಗ್ಲೂ ಎಳ್ಕೋಬೇಕು. ಯಾವಾಗ್ಲೂ ಕೈಗೆ ಸಿಗೋ ಹಾಗಿರ್ಬೇಕು. ಆಮೇಲೆ…" ಅವನು ತಟ್ಟೆಗಳ ಕಡೆ ನೋಡಿದ. "ಇವಳು ಈ ಹುಳದ ಹತ್ರ ಸುಳೀಬಾರ್ದಂತೆ."

ಅಕ್ಕಯಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

"ಹುಳದ ಹತ್ರ ಸುಳೀದೆ ಎಲ್ಲಿಗೆ ಹೋಗ್ತಾಳಪ್ಪ? ನಿಮ್ಮ ಡಾಕ್ಟ್ರು ಮನೇಲಿ ಮಲಗ್ತಾಳಾ?"

"ನಮ್ಮನೇಲಿ ಇರ್ಲಿ ಅತ್ತೆ. ಕೋಲಾರದಲ್ಲೇ ಓದ್ಲಿ."

"ಬೆಳೆದ ಹುಡುಗೀನ ಊರಾಚೆ ಬಿಡೋ ಮನೆ ಅಲ್ಲ ಇದು. ಅಲ್ಲಪ್ಪ, ಆ ಸ್ಪ್ರೇ ಏನು?"

"ಸ್ಪ್ರೇ ಅಲ್ಲ, ಔಷಧಿ."

"ಬುಸ್ ಅನ್ನತ್ತೋ ಇಲ್ವೋ?"

"ಅನ್ನತ್ತೆ."

"ಮುನಿಶಾಮಮ್ಮನ ಮಗ ಸೊಳ್ಳೆಗೆ ಅಂತ ಬುಸ್ ಅನ್ಸಿದ, ಮಾರನೇ ದಿನ ಮನೆ ತುಂಬಾ ಹುಳ ವಾಂತಿ ಮಾಡ್ಕೊಂಡು ಸತ್ವು. ಮಂಕರಿ ಮಂಕರಿ ಹೊತ್ತು ತಿಪ್ಪೆಗೆ ಸುರಿದ್ರು, ಆಮೇಲೆ ಹುಳ ಸಾಕೋದೇ ಬಿಟ್ರು. ಅಯ್ಯೋ ದೇವುಡಾ! ನನ್ನ ಮನೇಲಿ ಬುಸ್ ಅನ್ನೋ ಯಾವ ಸಾಮಾನೂ ಇರಕೂಡ್ದು."

ವೇಣುಗೋಪಾಲ್ ಭಾವನ ಮುಖ ನೋಡಿದ. ಚನ್ನರಾಯಪ್ಪ ಸಾರಿನಲ್ಲಿ ಬೆರಳಾಡಿಸುತ್ತಿದ್ದ. ತಾಯಿಯ ಎದುರಿಗೆ ಅವನ ನಾಲಗೆ ಏಳುವುದು ಊಟಕ್ಕೆ ಮಾತ್ರ.

"ಅಮ್ಮ ಹೇಳೋದ್ರಲ್ಲೂ ಒಂದು ಲೆಕ್ಕ ಐತೆ ವೇಣು," ಎಂದ ಕೊನೆಗೆ. "ಕೊಟ್ಟಿಗೇಲಿ ಇಟ್ರೆ ಆಯ್ತಪ್ಪ. ಬೇಕಾದಾಗ ಹೋಗಿ ಎಳ್ಕೊಂಡು ಬರ್ತಾಳೆ."

ಹಾಗೆ ಆ ಪಂಪು ಕೊಟ್ಟಿಗೆ ಸೇರಿತು. ಹಸುವಿನ ತಲೆಯ ಮೇಲಿನ ತೊಲೆಗೆ ಒಂದು ಹಳೆಯ ಡಬ್ಬ ನೇತುಹಾಕಿ ಅದರಲ್ಲಿ ಇಟ್ಟರು. ನಳಿನ ಹಿತ್ತಲ ಬಾಗಿಲು ದಾಟಿ, ಹಿಕ್ಕೆಯ ಗುಂಡಿ ಬಳಸಿ, ಗಂಜಳ ತುಳಿದುಕೊಂಡು ಹೋಗಿ ಔಷಧಿ ಎಳೆದುಕೊಳ್ಳಬೇಕು. ವಾಪಸು ಬಂದು ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಲಂಗ ಬದಲಾಯಿಸಿ ಒಳಗೆ ಕಾಲಿಡಬೇಕು. ಅಪ್ಪನ ಬೀಡಿಗೆ ಇದ್ದ ಕಟ್ಟಳೆಯೇ ಮಗಳ ಉಸಿರಿಗೂ ಬಂತು. ಹುಳದಿಂದ ದೂರ ಇಡಬೇಕು ಎಂಬ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಹುಳ ಆರಿಸುವುದಕ್ಕೆ ನಳಿನಳಷ್ಟು ಹಗುರವಾದ ಕೈ ಇನ್ನೊಬ್ಬರಿಗೆ ಇರಲಿಲ್ಲ.

ಆದರೂ ಪಂಪು ತನ್ನ ಕೆಲಸ ಮಾಡಿತು. ಮೊದಲ ವಾರದಲ್ಲೇ ನಳಿನ ಹುತ್ತೂರಿನ ಶಾಲೆಗೆ ಹೋಗುವಾಗ ಹುಣಸೆಮರದ ಹತ್ತಿರ ಕೂತು ಸುಧಾರಿಸಿಕೊಳ್ಳುವುದನ್ನು ಬಿಟ್ಟಳು. ಮುದ್ದೆ ಇನ್ನೊಂದು ಚೂರು ಕೇಳಿದಳು. ಸಾಯಂಕಾಲ ಅಮ್ಮನ ಜೊತೆ ಸೊಪ್ಪು ಕತ್ತರಿಸುತ್ತ ಶಾಲೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸುನಂದ ಕುಡುಗೋಲು ಕೆಳಗಿಟ್ಟು ಮಗಳ ಮುಖ ನೋಡುತ್ತಾ ಕೂತಳು. ಮಗಳು ಇಷ್ಟು ವಾಚಾಳಿ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

"ಅಮ್ಮಾ, ಪಂಪು ಒಂಥರಾ ವಾಸನೆ ಬರ್ತದೆ," ಎಂದಳು ನಳಿನ ಒಂದು ದಿನ.

ಅಕ್ಕಯಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. "ಕೊಟ್ಟಿಗೇಲಿ ಇಟ್ಟಿದ್ದು ಇನ್ನೇನು ಮಲ್ಲಿಗೆ ವಾಸನೆ ಬರತ್ತಾ? ಬಾಯಿ ಮುಚ್ಕೊಂಡು ಹಾಸಿಗೆ ತೆಗಿ ಬಾರೇ."

ಹಾಸಿಗೆ ತೆಗೆಯುವುದೆಂದರೆ ಹುಳದ ಹಾಸಿಗೆ. ತಟ್ಟೆಯ ತಳದಲ್ಲಿ ಕೊಳೆತ ಸೊಪ್ಪಿನ ಕಡ್ಡಿ, ಕಪ್ಪು ಹಿಕ್ಕೆ, ಕಳಚಿದ ಪೊರೆ, ನಡುವೆ ಹಾಲುತೊಂಡೆ ರೋಗ ಬಂದು ಉಬ್ಬಿದ ಒಂದೆರಡು ಹುಳ. ಅವನ್ನು ಮುಟ್ಟಿದರೆ ಮಜ್ಜಿಗೆಯಂಥ ನೀರು ಸಿಡಿಯುತ್ತದೆ. ನಳಿನ ಅವನ್ನೆಲ್ಲ ಕೈಯಲ್ಲೇ ಬಾಚಿ ಮಂಕರಿಗೆ ತುಂಬಬೇಕು. ಧೂಳು ಎದ್ದು ಮೂಗಿಗೆ ಹೊಡೆಯುತ್ತಿತ್ತು. ಅವಳು ಕೆಮ್ಮಿದರೆ ಅಜ್ಜಿಯ ಕಣ್ಣು ಅವಳ ಕಡೆ ಹೋಗುತ್ತಿರಲಿಲ್ಲ, ತಟ್ಟೆಯ ಕಡೆ ಹೋಗುತ್ತಿತ್ತು. ಎಂಜಲು ಸಿಡಿದರೆ ಹುಳಕ್ಕೆ ಸೋಂಕು ತಗಲುತ್ತದಲ್ಲ!

ಆ ದಿನಗಳಲ್ಲೇ ಪಕ್ಕದ ಮನೆಯ ಮುನಿಶಾಮಮ್ಮ ಜಗಲಿಯಲ್ಲಿ ನಿಂತು ಅಕ್ಕಯಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಬೇರೆಯವರಿಗೆ ಹುಳದ ಅಂಕಣಕ್ಕೆ ಪ್ರವೇಶವಿಲ್ಲ, ಕಣ್ಣು ಬೀಳುತ್ತದೆ.

"ಏನಕ್ಕಾ, ಈ ಸಲ ಚೂರೂ ಮೇಲುಸಿರು ಇಲ್ವಲ್ಲ ನಿನಗೆ? ಹೋದ ಬೆಳೇಲಿ ಸೊಪ್ಪಿನ ಹೊರೆ ಹೊತ್ಕೊಂಡು ಬಂದು ಅರ್ಧ ಗಂಟೆ ಕೂರ್ತಿದ್ದೆ."

"ಶುಂಠಿ ಕಷಾಯ ಕಣೇ. ಹಳೇ ಕಾಲದ ಮೈ," ಎಂದು ಅಕ್ಕಯಮ್ಮ ಎಲೆಗೆ ಸುಣ್ಣ ಸವರಿದಳು. ಹೊಗೆಸೊಪ್ಪು ಹುಳಕ್ಕೆ ವಿಷ, ಅದನ್ನು ಬೆಳೆ ಮುಗಿಯುವವರೆಗೆ ಬಿಟ್ಟಿರುತ್ತಿದ್ದಳು. ಎಲೆಅಡಿಕೆ ಮಾತ್ರ ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಇದ್ದೇ ಇರುತ್ತಿತ್ತು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹಸಿದ ರಾಕ್ಷಸರಂತೆ ತಿನ್ನತೊಡಗಿತು. ಚನ್ನರಾಯಪ್ಪ ತೋಟಕ್ಕೂ ಮನೆಗೂ ಸೈಕಲ್ಲಿನಲ್ಲಿ ಸೊಪ್ಪು ಹೊತ್ತು ಸೋತಿದ್ದ. ಆಗಲೇ ನಳಿನ ಬಂದು, ಪಂಪು ಹಗುರ ಆಗಿದೆ, ಇನ್ನೊಂದು ಬೇಕು ಎಂದಳು.

"ಆಗ್ಲೇ ಮುಗೀತಾ?" ಎಂದು ಅವನು ಹೊರೆ ಎಸೆದ. "ವೇಣು ಎರಡು ತಿಂಗ್ಳು ಬರತ್ತೆ ಅಂದಿದ್ದ. ಬಾಯಿಗೆ ಹಾಕ್ಕೊಂಡು ಆಟ ಆಡ್ತೀಯೇನೇ?"

"ಇಲ್ಲ ಅಪ್ಪಾ. ಬೆಳಿಗ್ಗೆ ಸಾಯಂಕಾಲ ಅಷ್ಟೇ."

"ಸುಳ್ಳು ಹೇಳ್ಬೇಡ. ನೀನು ಎಳ್ಕೊಳ್ದೆ ಹಸು ಎಳ್ಕೊಳ್ತಾ?"

"ನಾನು ಆವತ್ತೇ ಹೇಳ್ದೆ," ಎಂದಳು ಅಕ್ಕಯಮ್ಮ. "ಅದು ಚಟ ಕಣೋ. ನಿನ್ನ ಬೀಡಿ ಇದ್ದಂಗೆ. ಒಂದ್ಸಲ ಹತ್ತಿದ್ರೆ ಬಿಡಲ್ಲ. ನಾಳೆ ಇವಳನ್ನ ಯಾರು ಮಾಡ್ಕೋತಾರೆ?"

"ಅತ್ತೆ, ಅವಳು ಯಾವತ್ತೂ ಸುಳ್ಳು ಹೇಳಿದ್ದಿಲ್ಲ," ಎಂದಳು ಸುನಂದ.

"ಹಂಗಾದ್ರೆ ನಾನು ಹೇಳ್ತಿದೀನಾ? ಬೆಳೆ ಮುಗೀಲಿ. ಆಮೇಲೆ ನೋಡಾಣ."

ಬೆಳೆ ಮುಗಿಯಲಿ. ಆ ಮನೆಯಲ್ಲಿ ಮದುವೆ, ಮದ್ದು, ಹರಿದ ಚಪ್ಪಲಿ ಎಲ್ಲಕ್ಕೂ ಅದೇ ಉತ್ತರ. ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆಯ ಮೊಟ್ಟೆ ಬರುತ್ತಿತ್ತು, ಹೀಗಾಗಿ ಬೆಳೆ ಎಂದೂ ಮುಗಿಯುತ್ತಿರಲಿಲ್ಲ. ನಳಿನ ಅಳಲಿಲ್ಲ. ಅಂದಿನಿಂದ ಬೆಳಗಿನ ಪಂಪು ಬಿಟ್ಟು ಸಾಯಂಕಾಲ ಮಾತ್ರ ಎಳೆದುಕೊಂಡಳು, ಔಷಧಿ ಉಳಿಯಲಿ ಎಂದು. ಅದು ಉಳಿಯಲಿಲ್ಲ.

ಹುಳ ಹಣ್ಣಾದ ದಿನ ಶಾಲೆಗೆ ಹೋಗಬೇಡವೆಂದರು. ಹಣ್ಣಾದ ಹುಳ ಮೈ ಹಳದಿಯಾಗಿ, ತಲೆ ಆಡಿಸುತ್ತ ನೂಲು ಬಿಡಲು ಜಾಗ ಹುಡುಕುತ್ತದೆ. ಆಗ ಅದನ್ನು ಒಂದೊಂದಾಗಿ ಆರಿಸಿ, ಬಿದಿರಿನ ಸುರುಳಿ ಕಟ್ಟಿದ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಸುತ್ತಿ ಕೆಟ್ಟುಹೋಗುತ್ತದೆ. ನಳಿನ ಬೆಳಗಿನಿಂದ ಬಗ್ಗಿ ಆರಿಸುತ್ತಿದ್ದಳು. ಹಣ್ಣಾದ ಹುಳ ಚಂದ್ರಿಕೆ ಏರುವ ಮುಂಚೆ ಹೊಟ್ಟೆಯಲ್ಲಿರುವುದನ್ನೆಲ್ಲ ಹೊರಗೆ ಬಿಡುತ್ತದೆ. ಅವಳ ಎರಡೂ ಕೈ ಮೊಣಕೈವರೆಗೆ ಅಂಟಂಟಾಗಿದ್ದವು. ಮಧ್ಯಾಹ್ನ ಊಟಕ್ಕೆ ಕರೆದರೆ ಅವಳಿಗೆ ಮಾತು ಹೊರಡಲಿಲ್ಲ. ಭುಜ ಮೇಲಕ್ಕೆದ್ದಿತ್ತು, ಕತ್ತಿನ ಗುಂಡಿ ಒಳಗೆ ಹೋಗಿ ಹೋಗಿ ಬರುತ್ತಿತ್ತು.

ಸುನಂದ ಕೊಟ್ಟಿಗೆಗೆ ಓಡಿ ಡಬ್ಬ ಸಮೇತ ತಂದಳು. ಮಗಳ ಬಾಯಿಗೆ ಪಂಪು ಇಟ್ಟು ಒತ್ತಿದಳು. ಏನೂ ಬರಲಿಲ್ಲ. ಅಲ್ಲಾಡಿಸಿ ಮತ್ತೆ ಒತ್ತಿದಳು. ಒಳಗೆ ಒಂದು ತೊಟ್ಟೂ ಅಲುಗಲಿಲ್ಲ.

"ಏನೂಂದ್ರೆ, ಇವಳ ತುಟಿ ನೋಡಿ! ಎತ್ಕೊಳ್ಳಿ, ರಸ್ತೆಗೆ ಹೋಗಾಣ!"

ಚನ್ನರಾಯಪ್ಪನ ಕೈಯಲ್ಲಿ ಹುಳದ ಬುಟ್ಟಿ ಇತ್ತು. ಅವನು ಮಗಳನ್ನು ನೋಡಿದ. ಆಮೇಲೆ ತಟ್ಟೆಗಳನ್ನು ನೋಡಿದ. ನೋಡಿದ್ದು ಒಂದೇ ಗಳಿಗೆ ಇರಬಹುದು, ಆದರೆ ಸುನಂದ ಅದನ್ನು ಕಂಡಳು, ಸಾಯುವವರೆಗೂ ಮರೆಯುವವಳಲ್ಲ.

"ಒಬ್ಬರಾದ್ರೂ ಇರ್ರೋ!" ಎಂದು ಅಕ್ಕಯಮ್ಮ ಬಾಗಿಲಿಗೆ ಅಡ್ಡ ಬಂದಳು. "ಹುಳ ಹಣ್ಣಾಗಿ ನಿಂತೈತೆ, ಎಲ್ಲಾ ಹೊರಟ್ರೆ ಹೆಂಗೆ?"

"ದಾರಿ ಬಿಡಿ ಅತ್ತೆ."

"ಸುನಂದಾ, ಕಷಾಯ ಕಾಯಿಸ್ತೀನಿ ತಾಳೇ…"

"ದಾರಿ ಬಿಡಿ! ಇಲ್ದಿದ್ರೆ ಒಂದೊಂದು ತಟ್ಟೇನೂ ನಿಮ್ಮ ತಲೆ ಮೇಲೆ ಮಗುಚ್ತೀನಿ!"

ಹದಿನೈದು ವರ್ಷದ ಸಂಸಾರದಲ್ಲಿ ಸುನಂದ ಅತ್ತೆಗೆ ಎದುರು ನಿಂತು ಕೂಗಿದ್ದು ಅದೇ ಮೊದಲು. ಅಕ್ಕಯಮ್ಮ ಸರಿದಳು. ಸುನಂದ ಮಗಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದಳು. ಡೈರಿಯ ಹಾಲಿನ ವ್ಯಾನು ನಿಂತಿತು. ಚನ್ನರಾಯಪ್ಪ ಬುಟ್ಟಿ ಕೆಳಗಿಟ್ಟು, ಕೈ ತೊಳೆಯದೆ, ಹಿಂದಿನಿಂದ ಹತ್ತಿಕೊಂಡ. ಕೋಲಾರದವರೆಗೂ ಅವನ ಅಂಗಿಯ ಮೇಲೆ ಒಂದು ಹುಳ ಹರಿಯುತ್ತಿತ್ತು. ಅದನ್ನು ಕಿತ್ತು ಎಸೆಯುವುದಕ್ಕೂ ಅವನಿಗೆ ತೋಚಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿ ಔಷಧಿಯ ಹೊಗೆ ಕೊಟ್ಟರು, ಸೂಜಿ ಕೊಟ್ಟರು. ಸಂಜೆಯ ಹೊತ್ತಿಗೆ ನಳಿನ ಕಣ್ಣು ಬಿಟ್ಟು ಇಡ್ಲಿ ಬೇಕು ಎಂದಳು. ಡ್ಯೂಟಿ ಮುಗಿಸಿ ಬಂದ ವೇಣುಗೋಪಾಲ್ ಇಡ್ಲಿ ಕೊಟ್ಟು, ಮಂಚದ ಮೇಲೆ ಬಿದ್ದಿದ್ದ ಖಾಲಿ ಪಂಪನ್ನು ಎತ್ತಿ ನೋಡಿದ. ಬಾಯಿಗಿಡುವ ಕಡೆ, ಅಂಚಿನ ಒಳಗೆಲ್ಲ, ಏನೋ ಕೆಂಪಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಮೂಸಿದ.

"ನಳಿನ, ಎಲೆಅಡಿಕೆ ಹಾಕ್ತೀಯೇನೇ?"

"ಥೂ, ಇಲ್ಲ ಮಾವ."

ಸುನಂದ ತಮ್ಮನ ಕೈಯಿಂದ ಪಂಪು ಇಸಿದುಕೊಂಡಳು. ಸುಣ್ಣ, ಅಡಿಕೆಯ ಚೂರು. ಮಗಳು ಪ್ರತಿದಿನ ಇದನ್ನೇ ಬಾಯಿಗೆ ಇಟ್ಟುಕೊಂಡಿದ್ದಳು. ಸುನಂದ ಕಿಟಕಿಯ ಹತ್ತಿರ ಹೋಗಿ ನಿಂತಳು. ಚನ್ನರಾಯಪ್ಪ ನೆಲ ನೋಡುತ್ತ ಕೂತ. ಸುಳ್ಳು ಹೇಳಬೇಡ ಎಂದು ಮಗಳನ್ನು ಬೈದಿದ್ದವನು ಅವನೇ.

ಎರಡು ದಿನ ಬಿಟ್ಟು ಮನೆಗೆ ಬಂದರೆ ಚಂದ್ರಿಕೆಗಳ ತುಂಬ ಗೂಡು ಕಟ್ಟಿತ್ತು. ಮುನಿಶಾಮಮ್ಮ ಮತ್ತು ಬೀದಿಯ ನಾಲ್ಕು ಹೆಂಗಸರು ಬಂದು ಹುಳ ಆರಿಸಿ ಬಿಟ್ಟಿದ್ದರು. ಕಣ್ಣು ಬೀಳುತ್ತದೆ ಎಂದು ಇಷ್ಟು ವರ್ಷ ಹೊಸ್ತಿಲ ಹೊರಗೆ ನಿಲ್ಲಿಸಿದ್ದವರನ್ನು ಅಕ್ಕಯಮ್ಮ ತಾನೇ ಕೂಗಿ ಕರೆದಿದ್ದಳಂತೆ. ಬೆಳೆಗೆ ಏನೂ ಆಗಿರಲಿಲ್ಲ.

ಸುನಂದ ಪಂಪನ್ನು ಅತ್ತೆಯ ಮುಂದೆ ಇಟ್ಟಳು.

"ಇದು ಯಾರ ಎಲೆಅಡಿಕೆ ಅತ್ತೆ?"

"ನಂಗೇನು ಗೊತ್ತೇ?"

"ಮನೇಲಿ ಎಲೆ ಹಾಕೋರು ನೀವೊಬ್ರೇ."

ಅಕ್ಕಯಮ್ಮ ಮಗನನ್ನು ನೋಡಿದಳು. ಮಗ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಅವಳ ದನಿ ಒಮ್ಮೆಗೇ ಏರಿತು.

"ಹೌದು, ಎಳ್ಕೊಂಡೆ! ಏನೀಗ? ಅವಳದು ಮಾತ್ರ ಉಸಿರು, ನಂದು ಉಸಿರಲ್ವಾ? ಮೂವತ್ತು ವರ್ಷದಿಂದ ಈ ಹುಳದ ಧೂಳು ಕುಡಿದಿದೀನಿ. ಯಾವನಾದ್ರೂ ಕೇಳಿದ್ನಾ? ಅದೇನು ಅಂತ ನೋಡಾಣ ಅಂತ ಒಂದಿನ ಎಳ್ದೆ. ಎದೆ ಬಿಡ್ತು. ಇನ್ನೊಂದಿನ ಎಳ್ದೆ…"

"ಕೇಳಿದ್ರೆ ನಿಮಗೂ ಒಂದು ತರ್ತಿದ್ವಲ್ಲ!"

"ನಂಗ್ಯಾಕೆ? ನಂಗೇನು ರೋಗ ಐತಾ?" ಎಂದಳು ಅಕ್ಕಯಮ್ಮ. ಹೇಳುವಾಗಲೇ ಎದೆ ಸುಯ್ಗುಟ್ಟಿತು. "ನೋಡೇ, ಈ ಮಾತು ಹೊಸ್ತಿಲು ದಾಟಬಾರ್ದು. ಉಬ್ಬಸದ ವಂಶ ಅಂದ್ರೆ ಈ ಹುಡುಗೀಗೆ ಗಂಡು ಸಿಗಲ್ಲ. ಇವಳ ಒಳ್ಳೇದಕ್ಕೇ ಹೇಳ್ತಿದೀನಿ."

ಹೇಸಿಗೆಯೆಂದರೆ ಇದು. ಮೊಮ್ಮಗಳ ಬಾಯಿಂದ ಮದ್ದು ಕದ್ದು, ಕದ್ದಿದ್ದನ್ನು ಅವಳ ತಲೆಗೇ ಕಟ್ಟಿ, ಅವಳ ತುಟಿ ನೀಲಿಯಾದಾಗ ಬಾಗಿಲಿಗೆ ಅಡ್ಡ ನಿಂತು, ಈಗ ಅವಳ ಒಳ್ಳೆಯದರ ಮಾತು!

"ಆಯ್ತು ಬಿಡು ಸುನಂದಾ," ಎಂದ ಚನ್ನರಾಯಪ್ಪ. "ದೊಡ್ಡೋರು. ಏನೋ ಆಗೋಯ್ತು."

ಸುನಂದ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ಬಾಣಲೆಯಿಟ್ಟು ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಹಾಕಿ ಚಟಪಟ ಎಂದು ಒಗ್ಗರಣೆ ಕೊಟ್ಟಳು. ಬಿಡಿಸದ ಗೂಡು ಇನ್ನೂ ಮನೆಯಲ್ಲೇ ಇತ್ತು. ಊಟ ಬಡಿಸುತ್ತ ಸುನಂದ ಹೇಳಿದ್ದು ಇಷ್ಟೇ:

"ನಳಿನ ಇನ್ಮೇಲೆ ಹುಳ ಮುಟ್ಟಲ್ಲ. ಹುಳ ಇದ್ದಾಗ ನಾನೂ ಅವಳೂ ಮುನಿಶಾಮಮ್ಮನ ಮನೇಲಿ ಮಲಗ್ತೀವಿ. ಕೇಳಿಯಾಗೈತೆ. ಪಂಪು ಅವಳ ಹತ್ರಾನೇ ಇರತ್ತೆ."

ವೇಣುಗೋಪಾಲ್ ತಂದ ಹೊಸ ಪಂಪಿಗೆ ಸುನಂದ ಹಳೆಯ ರವಿಕೆಯ ಬಟ್ಟೆಯಿಂದ ಒಂದು ಚೀಲ ಹೊಲಿದಳು. ನಳಿನ ಅದನ್ನು ಕತ್ತಿಗೆ ಹಾಕಿಕೊಂಡು ಶಾಲೆಗೆ ಹೋದಳು. ಹುಡುಗಿಯರು ತಾಯತವಾ ಎಂದು ಕೇಳಿದರು. ಪಂಪು ಎಂದಳು. ಒತ್ತಿ ತೋರಿಸು ಎಂದರು. ಔಷಧಿ ಹಾಳಾಗುತ್ತದೆ, ಬೇಕಾದಾಗ ಎಳೆದುಕೊಳ್ಳುವಾಗ ನೋಡಿ ಎಂದಳು. ಎದ್ದುಹೋಗಿದ್ದ ಗೆಳತಿ ಅದನ್ನು ನೋಡಲಿಕ್ಕಾದರೂ ಬೆಂಚಿಗೆ ವಾಪಸು ಬಂದಳು.

ಅಕ್ಕಯಮ್ಮನಿಗೂ ಒಂದು ಪಂಪು ತರಲೇ ಎಂದು ವೇಣುಗೋಪಾಲ್ ಕೇಳಿದ. ಬೇಡ ಎಂದಳು. ಆಸ್ಪತ್ರೆಗೂ ಬರುವುದಿಲ್ಲ ಎಂದಳು. ಎದೆ ಕಟ್ಟಿದಾಗಲೆಲ್ಲ ಹಸು ನೋಡಿಬರುತ್ತೇನೆ ಎಂದು ಕೊಟ್ಟಿಗೆಗೆ ಹೋಗಿ, ಖಾಲಿ ಡಬ್ಬದ ಕೆಳಗೆ ಕೂತು ಸುಧಾರಿಸಿಕೊಂಡು ಬರುತ್ತಿದ್ದಳು.

ಮುಂದಿನ ಬೆಳೆ ಹಣ್ಣಾದ ದಿನ ಭಾನುವಾರ. ಆರಿಸುವುದಕ್ಕೆ ನಳಿನಳ ಕೈ ಇಲ್ಲದ್ದರಿಂದ ಬೀದಿಯ ಹೆಂಗಸರು ಬಂದಿದ್ದರು. ಹತ್ತಿರದ ಊರಿನಿಂದ ಅಶ್ವತ್ಥಮ್ಮನೂ ಬಂದಿದ್ದಳು. ಅವಳ ಮನೆಯಲ್ಲಿ ಮುಂದೆ ನಳಿನಳಿಗೆ ಆಗುವಂಥ ಗಂಡಿದ್ದಾನೆಂದು ಅಕ್ಕಯಮ್ಮ ಆಗಲೇ ಅವಳಿಗೆ ಮಣೆ ಹಾಕಿ ಕೂರಿಸಿದ್ದಳು. ನಳಿನ ಜಗಲಿಯ ಮೇಲೆ ಲೆಕ್ಕ ಮಾಡುತ್ತಿದ್ದಳು.

ಒಳಗೆ ಬುಟ್ಟಿ ಬಿದ್ದ ಸದ್ದಾಯಿತು. ಅಕ್ಕಯಮ್ಮ ತಟ್ಟೆಯ ಸ್ಟ್ಯಾಂಡು ಹಿಡಿದು ನಿಂತಿದ್ದಳು. ಹಿತ್ತಲ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು, ಮೂರನೆಯದಕ್ಕೆ ಕಾಲು ಬರಲಿಲ್ಲ. ಹೆಂಗಸರು ಎದ್ದು ನಿಂತರು.

"ಏನಾಯ್ತಕ್ಕಾ? ಏನಾಯ್ತು?"

"ಏನಿಲ್ಲ… ಶೀತ…" ಎಂದು ಅಕ್ಕಯಮ್ಮ ಕೈ ಬೀಸಿದಳು.

ನಳಿನ ಬಾಗಿಲಲ್ಲಿ ಬಂದು ನಿಂತಳು. ಸುನಂದ ಒಳಗಿನಿಂದ ಮಗಳನ್ನು ನೋಡಿದಳು, ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಳಿನ ಲಂಗದ ಅಂಚಿನಿಂದ ಮೂಗು ಮುಚ್ಚಿಕೊಂಡು, ಮಗಳು ಇನ್ನು ಮುಟ್ಟಲ್ಲ ಎಂದು ಅಮ್ಮ ಹೇಳಿದ್ದ ಹುಳದ ನಡುವೆ ನಡೆದು ಹೋದಳು. ಕತ್ತಿನ ಚೀಲದಿಂದ ಪಂಪು ತೆಗೆದಳು.

"ಆಚೆ… ಕೊಟ್ಟಿಗೇಲಿ…" ಎಂದಳು ಅಕ್ಕಯಮ್ಮ. ಕಣ್ಣು ಅಶ್ವತ್ಥಮ್ಮನ ಮೇಲಿತ್ತು.

"ಇಲ್ಲೇ. ಮೊದ್ಲು ಎಲೆಅಡಿಕೆ ಉಗಿ."

ಅಕ್ಕಯಮ್ಮ ತಲೆಯಾಡಿಸಿದಳು.

"ಉಗಿ ಅಜ್ಜಿ. ನಿನ್ನ ಎಂಜಲು ನಂಗೆ ಬೇಡ."

ಮೂವತ್ತು ವರ್ಷ ಒಂದು ಊದುಬತ್ತಿಯನ್ನೂ ಹಚ್ಚಗೊಡದೆ ಕಾದಿದ್ದ ಹುಳದ ಮನೆಯ ನೆಲದ ಮೇಲೆ ಅಕ್ಕಯಮ್ಮ ಕೆಂಪಗೆ ಉಗಿದಳು. ಜೊಲ್ಲು ಗಲ್ಲದಿಂದ ಇಳಿಯಿತು. ನಳಿನ ಅಲ್ಲೇ ಇದ್ದ ಚೊಂಬಿನ ನೀರು ಕೊಟ್ಟು ಮುಕ್ಕಳಿಸಲು ಹೇಳಿದಳು.

"ಉಸಿರು ಪೂರ್ತಿ ಬಿಡು. ಹೂಂ. ಈಗ ನಾನು ಒತ್ತಿದಾಗ ಎಳ್ಕೋ. ಹಿಡ್ಕೋ… ಹಿಡ್ಕೋ… ಬಿಡು."

ಬುಸ್ ಎಂದಿತು. ಎಲ್ಲರೂ ತಟ್ಟೆಗಳನ್ನು ನೋಡಿದರು. ಹುಳ ತಲೆ ಆಡಿಸುತ್ತ ತನ್ನ ಪಾಡಿಗೆ ತಾನು ನೂಲು ಬಿಡುವ ಜಾಗ ಹುಡುಕುತ್ತಿತ್ತು. ಇನ್ನೊಂದು ಸಲ ಬುಸ್ ಎಂದಿತು. ಅಕ್ಕಯಮ್ಮನ ಭುಜ ನಿಧಾನವಾಗಿ ಕೆಳಗಿಳಿಯಿತು.

"ಶೀತಾನಾ ಅಕ್ಕಯಮ್ಮಾ ಇದು?" ಎಂದಳು ಅಶ್ವತ್ಥಮ್ಮ.

ಅಕ್ಕಯಮ್ಮ ಮೊಮ್ಮಗಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಹೇಳಬೇಡ ಎನ್ನುವ ಹಿಡಿತ ಅದು. ನಳಿನ ಕೈ ಬಿಡಿಸಿಕೊಂಡಳು.

"ಶೀತ ಅಲ್ಲ, ಉಬ್ಬಸ. ಅಜ್ಜಿಗೂ ಐತೆ, ನಂಗೂ ಐತೆ," ಎಂದಳು ಎಲ್ಲರಿಗೂ ಕೇಳುವಂತೆ.

ಆಮೇಲೆ ಹಿತ್ತಲಿಗೆ ಹೋಗಿ ಪಂಪಿನ ಬಾಯಿಯನ್ನು ಸೋಪು ಹಾಕಿ ತೊಳೆದಳು. ಒಮ್ಮೆ ತೊಳೆದದ್ದು ಸಾಲದೆಂದು ಮತ್ತೊಮ್ಮೆ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಜಗಲಿಗೆ ಹೋಗಿ ಲೆಕ್ಕ ಮಾಡಲು ಕೂತಳು.